ಅಂಗಳದಲ್ಲಿ ಹನಿ ಇಲ್ಲ, ಬಾಟಲಿಯಲ್ಲಿ ಕೂಲಂಟ್ ಇಲ್ಲ: ಹಾಗಾದರೆ ಹೋಗಿದ್ದೆಲ್ಲಿಗೆ?

ಪ್ರಶ್ನೆ: ನಾನು ಸೇಡಂನಲ್ಲಿ ಶಾಲಾ ಶಿಕ್ಷಕಿ. ನಮ್ಮದು ಒಂಬತ್ತು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. 78 ಸಾವಿರ ಕಿ.ಮೀ. ಓಡಿದೆ. ಮೇ ತಿಂಗಳಲ್ಲಿ ಕಲಬುರಗಿಯಿಂದ ಬೀದರ್‌ಗೆ ಹೋಗುವಾಗ ಹುಮನಾಬಾದ್ ಹತ್ತಿರ ಟೆಂಪರೇಚರ್ ಮುಳ್ಳು ಮೇಲೇರಿತು. ಎ.ಸಿ. ಬಂದ್ ಮಾಡಿ ನಿಂತೆವು. ಧಾಬಾದವರು ಕೊಟ್ಟ ಬೋರ್ ನೀರು ಹಾಕಿಕೊಂಡು ಹೇಗೋ ಊರು ಮುಟ್ಟಿದೆವು. ಆಮೇಲೆ ಒಂದು ಅಂಗಡಿಯಲ್ಲಿ ಹಸಿರು ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಹಾಕಿಸಿದೆ. ಮೊದಲಿದ್ದದ್ದು ಗುಲಾಬಿ ಬಣ್ಣದ್ದು. ಈಗ ಮಳೆಗಾಲ. ಶಾಲೆ ಮನೆಯಿಂದ ಎರಡೇ ಕಿ.ಮೀ., ಅಲ್ಲಿಗೆ ಓಡಾಡಿದರೆ ಕೂಲಂಟ್ ಬಾಟಲಿಯ ಮಟ್ಟ ಇಳಿಯುವುದಿಲ್ಲ. ಕಲಬುರಗಿಗೆ ಹೋಗಿ ಬಂದರೆ ಮಾತ್ರ ಮರುದಿನ ಬೆಳಿಗ್ಗೆ ಒಂದು ಬೆರಳಷ್ಟು ಕಡಿಮೆ. ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಗ್ಯಾರೇಜಿನವರು ಆಯಿಲ್ ಮುಚ್ಚಳ ತೆಗೆದು ಒಳಗಿನ ಕೆನೆ ತೋರಿಸಿ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿದೆ, 28 ಸಾವಿರ ಆಗುತ್ತದೆ ಎಂದರು. ಇನ್ನೊಬ್ಬರು ಲೀಕ್ ನಿಲ್ಲಿಸುವ ಪುಡಿ ಹಾಕಿದರೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ ಮೇಡಂ. ಗ್ಯಾಸ್ಕೆಟ್ ಹೋಗಿಯೇ ಇಲ್ಲ ಎಂದು ನಾನು ಇಲ್ಲಿ ಕೂತು ಹೇಳಲಾರೆ. ಆದರೆ ಹೋಗಿದೆ ಎನ್ನಲು ನಿಮಗೆ ತೋರಿಸಿದ ಸಾಕ್ಷಿ ಸಾಲದು. ಕೂಲಂಟ್ ಎಲ್ಲಿಂದ ಹೊರಗೆ ಹೋಗುತ್ತಿದೆ ಎಂಬುದು ಕಣ್ಣಿಗೆ ಕಾಣಬೇಕು, ಇಲ್ಲವೇ ಒತ್ತಡ ಅಳೆಯುವ ಗೇಜು ಹೇಳಬೇಕು. ಅಲ್ಲಿಯವರೆಗೆ ಹೆಡ್ ಬಿಚ್ಚಲು ಒಪ್ಪಬೇಡಿ. ಪುಡಿಯನ್ನಂತೂ ಹಾಕಿಸಲೇಬೇಡಿ. ಯಾಕೆ ಅನ್ನೋದನ್ನ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲೇ ಒಳ್ಳೆಯ ಸುಳಿವು ಇದೆ. ಶಾಲೆಗೆ ಹೋದರೆ ಮಟ್ಟ ಇಳಿಯುವುದಿಲ್ಲ, ಕಲಬುರಗಿಗೆ ಹೋದರೆ ಇಳಿಯುತ್ತದೆ. ಎರಡು ಕಿ.ಮೀ. ಓಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಥರ್ಮೋಸ್ಟಾಟ್, ಅಂದರೆ ಬಿಸಿಯಾದ ಕೂಲಂಟನ್ನು ತಣ್ಣಗಾಗಿಸುವ ರೇಡಿಯೇಟರ್ ಜಾಲರಿಗೆ ಬಿಡುವ ವಾಲ್ವ್, ತೆರೆಯಬೇಕಾದರೆ ಕೂಲಂಟ್ 82ರಿಂದ 88 ಡಿಗ್ರಿ ಮುಟ್ಟಬೇಕು. ಅಷ್ಟರೊಳಗೆ ನೀವು ಶಾಲೆಯ ಗೇಟಿನಲ್ಲಿರುತ್ತೀರಿ. ಕಲಬುರಗಿ ದಾರಿ ಹಾಗಲ್ಲ. 50 ಕಿ.ಮೀ. ಮೇಲಿನ ಓಟ. ಮಳಖೇಡ ಹತ್ತಿರ ಸಿಮೆಂಟ್ ಲಾರಿಗಳ ಹಿಂದೆ ಎ.ಸಿ. ಹಾಕಿಕೊಂಡು ತೆವಳಬೇಕು. ಆಗ ಎಂಜಿನ್ ಪೂರ್ತಿ ಬಿಸಿಯಾಗಿ ಒಳಗೆ ಪೂರ್ತಿ ಒತ್ತಡ ಇರುತ್ತದೆ. ಅಂದರೆ ನಿಮ್ಮ ಲೀಕ್ ಒತ್ತಡ ಬಂದಾಗ ಮಾತ್ರ ಬಾಯಿ ತೆರೆಯುವ ಜಾತಿಯದು.

ಹೊರಗೆ ಬಂದ ಆ ನಾಲ್ಕು ಹನಿ ನೆಲ ಮುಟ್ಟುವುದಿಲ್ಲ. ಬಿಸಿ ಲೋಹದ ಮೇಲೆ ಬೀಳುತ್ತದೆ, ಫ್ಯಾನಿನ ಗಾಳಿ ಬೀಸುತ್ತದೆ, ಅಲ್ಲೇ ಒಣಗಿ ಹೋಗುತ್ತದೆ. ಮನೆಗೆ ಬಂದು ಎಂಜಿನ್ ತಣ್ಣಗಾದ ಮೇಲೆ ಒತ್ತಡವೂ ಇಲ್ಲ, ಲೀಕೂ ಇಲ್ಲ. ಶಹಾಬಾದ್ ಕಲ್ಲಿನ ಮೇಲೆ ಹನಿ ಹುಡುಕಿದರೆ ಸಿಗುವುದು ಹೇಗೆ? ನೆಲದಲ್ಲಿ ಹನಿ ಇಲ್ಲ ಅಂದರೆ ಕೂಲಂಟ್ ಎಂಜಿನ್ ಒಳಗೇ ಹೋಗುತ್ತಿದೆ ಎಂದು ತೀರ್ಮಾನ ಮಾಡುವವರು ಈ ಸಾಧ್ಯತೆಯನ್ನು ಮರೆಯುತ್ತಾರೆ.

ಒತ್ತಡದ ಮಾತು ಯಾಕೆ ಇಷ್ಟು ಮುಖ್ಯ ಅಂದರೆ, ಕಾರಿನ ಕೂಲಿಂಗ್ ವ್ಯವಸ್ಥೆ ನಡೆಯುವುದೇ ನಮ್ಮ ಅಡುಗೆಮನೆಯ ಕುಕ್ಕರಿನ ಲೆಕ್ಕದಲ್ಲಿ. ಬರೀ ನೀರು ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಎಂಬ ರಾಸಾಯನಿಕ ಇರುವ ಕೂಲಂಟ್ ಸುಮಾರು 107ಕ್ಕೆ. ಅದನ್ನೇ ಬಿಗಿಯಾಗಿ ಮುಚ್ಚಿ ಒಂದು ಬಾರ್‌ನಷ್ಟು ಒತ್ತಡ ಕೊಟ್ಟರೆ 125 ದಾಟುವವರೆಗೂ ಕುದಿಯದೆ ನಿಲ್ಲುತ್ತದೆ. ಈ ಒತ್ತಡ ಹಿಡಿಯುವುದು ರೇಡಿಯೇಟರ್ ಕ್ಯಾಪ್. ನಿಮ್ಮ ಕಾರಿನ ಕ್ಯಾಪ್ ಮೇಲೆ 0.9 ಅಥವಾ 1.1 ಎಂದು ಅಚ್ಚು ಹಾಕಿರುತ್ತಾರೆ, ನೋಡಿ. ಅದು ಬಾರ್ ಲೆಕ್ಕ. ಕ್ಯಾಪಿನ ರಬ್ಬರ್ ಸತ್ತಿದ್ದರೆ ಒತ್ತಡ ನಿಲ್ಲುವುದಿಲ್ಲ. ಒತ್ತಡ ನಿಲ್ಲದಿದ್ದರೆ ಕೂಲಂಟ್ ಬೇಗ ಕುದಿಯುತ್ತದೆ, ಬಾಟಲಿಗೆ ಉಕ್ಕುತ್ತದೆ, ಅಲ್ಲಿಂದ ರಸ್ತೆಗೆ. ಮೇ ತಿಂಗಳ 42-43 ಡಿಗ್ರಿ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡು ಬೀದರ್ ಕಡೆ ಏರುವಾಗ ಮುಳ್ಳು ಮೇಲೇರಲು ಇಷ್ಟೇ ಸಾಕು. ಬೀದರ್ ಕಲಬುರಗಿಗಿಂತ ಎತ್ತರದಲ್ಲಿದೆ, ಹುಮನಾಬಾದ್ ಕಡೆ ಹೋಗುವಾಗ ಎಂಜಿನ್‌ಗೆ ಕೆಲಸ ಜಾಸ್ತಿ ಬೀಳುತ್ತದೆ.

ಇನ್ನು ಆ ಕೆನೆ. ಆಯಿಲ್ ಮುಚ್ಚಳದ ಒಳಗೆ ಕಾಫಿ ಬಣ್ಣದ ಕೆನೆ ಕಂಡರೆ ಎಲ್ಲರಿಗೂ ಗ್ಯಾಸ್ಕೆಟ್ ನೆನಪಾಗುತ್ತದೆ. ಆದರೆ ದಿನಾ ಎರಡು ಕಿ.ಮೀ. ಮಾತ್ರ ಓಡುವ ಕಾರಿನಲ್ಲಿ, ಅದೂ ಮಳೆಗಾಲದಲ್ಲಿ, ಆ ಕೆನೆ ಬರುವುದು ಮಾಮೂಲು. ಎಂಜಿನ್ ಒಳಗಿನ ತೇವ ತಣ್ಣನೆಯ ಮುಚ್ಚಳಕ್ಕೆ ಅಂಟಿ ಆಯಿಲ್ ಜೊತೆ ಸೇರಿ ಕೆನೆ ಕಟ್ಟುತ್ತದೆ. ಆಯಿಲ್ ಬಿಸಿಯಾದರೆ ತಾನೇ ಆವಿಯಾಗಬೇಕಾದ ತೇವ, ನಿಮ್ಮ ಓಟದಲ್ಲಿ ಆಗುತ್ತಿಲ್ಲ. ನೋಡಬೇಕಾದದ್ದು ಡಿಪ್‌ಸ್ಟಿಕ್. ಆಯಿಲ್ ಮಟ್ಟ ನೋಡುವ ಆ ಕಡ್ಡಿಯ ತುದಿಯಲ್ಲಿ ಆಯಿಲ್ ಎಂದಿನಂತೆ ಕಂದು ಅಥವಾ ಕಪ್ಪಾಗಿ ತೆಳ್ಳಗೆ ಇದ್ದು, ಮಟ್ಟ ಏರಿರದಿದ್ದರೆ, ಮುಚ್ಚಳದ ಕೆನೆಗೆ ಹೆದರಬೇಡಿ. ಡಿಪ್‌ಸ್ಟಿಕ್ ಮೇಲೂ ಮಜ್ಜಿಗೆಯಂಥ ಆಯಿಲ್ ಬಂದರೆ ಮಾತು ಬೇರೆ. ಆಗ ಕಾರು ಸ್ಟಾರ್ಟ್ ಕೂಡ ಮಾಡಬೇಡಿ. ನೀರು ಬೆರೆತ ಆಯಿಲ್ ಬೇರಿಂಗುಗಳನ್ನು ಬೇಗ ತಿನ್ನುತ್ತದೆ.

ಈಗ ನೀವೇ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಿಗೆ ಬರೋಣ. ಅದಕ್ಕೂ ಮೊದಲು ಒಂದು ಕಟ್ಟಪ್ಪಣೆ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಬಟ್ಟೆ ಸುತ್ತಿ ತೆಗೆಯುತ್ತೇನೆ ಅನ್ನುವುದೂ ಬೇಡ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಗುತ್ತದೆ, 110 ಡಿಗ್ರಿಯ ಕೂಲಂಟ್ ಅಲ್ಲೇ ಕುದಿದು ಮುಖಕ್ಕೆ ಹಾರುತ್ತದೆ. ಮೇಲಿನ ದಪ್ಪ ಹೋಸ್ ಪೈಪನ್ನು ಕೈಯಿಂದ ಹಿಂಡಿದರೆ ಮೆತ್ತಗೆ ಒತ್ತುವಂತಿರಬೇಕು, ಕೈ ಸುಡಬಾರದು. ಗಟ್ಟಿಯಾಗಿದ್ದರೆ ಇನ್ನೂ ಕಾಯಿರಿ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡುವುದೇ ಒಳ್ಳೆಯದು. ಎಂಜಿನ್ ಆಫ್ ಮಾಡಿದ ಮೇಲೂ ಕೆಲವು ಕಾರುಗಳಲ್ಲಿ ಫ್ಯಾನ್ ತಾನಾಗಿ ತಿರುಗುತ್ತದೆ. ಸೆರಗು, ವೇಲ್, ಬೆರಳು ಅತ್ತ ಹೋಗದಂತೆ ನೋಡಿಕೊಳ್ಳಿ.

ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ಜಾಗದಲ್ಲಿ ಬಾಟಲಿಯ ಮಟ್ಟಕ್ಕೆ ಸರಿಯಾಗಿ ಒಂದು ಟೇಪ್ ತುಂಡು ಅಂಟಿಸಿ. ಸಂಜೆ ಬಿಸಿ ಎಂಜಿನ್ ಮೇಲೆ ನೋಡಿದ ಮಟ್ಟಕ್ಕೆ ಅರ್ಥವಿಲ್ಲ. ಬಿಸಿಯಾದರೆ ಕೂಲಂಟ್ ಹಿಗ್ಗಿ ಬಾಟಲಿಯಲ್ಲಿ ಏರುತ್ತದೆ, ತಣ್ಣಗಾದರೆ ರೇಡಿಯೇಟರ್ ಅದನ್ನು ಮತ್ತೆ ಎಳೆದುಕೊಳ್ಳುತ್ತದೆ. ಅನೇಕರು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ನೋಡಿ ಸುಮ್ನೆ ಗಾಬರಿಯಾಗುತ್ತಾರೆ.

ಟೇಪ್ ಅಂಟಿಸಿದ ಮೇಲೆ ತಣ್ಣನೆಯ ಎಂಜಿನ್‌ನಲ್ಲೇ ರೇಡಿಯೇಟರ್ ಕ್ಯಾಪ್ ತೆಗೆದು ಒಳಗೆ ನೋಡಿ. ಕೂಲಂಟ್ ಬಾಯಿಯವರೆಗೆ ಇರಬೇಕು. ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವ ಕಾರುಗಳು ನಮ್ಮಲ್ಲಿ ಬೇಕಾದಷ್ಟು ಬರುತ್ತವೆ. ಮಾಲೀಕರು ಬಾಟಲಿ ನೋಡಿ ನೆಮ್ಮದಿಯಾಗಿರುತ್ತಾರೆ, ಎಂಜಿನ್ ಒಣಗುತ್ತಿರುತ್ತದೆ. ಕ್ಯಾಪಿನಲ್ಲಿ ಎರಡು ವಾಲ್ವ್ ಇವೆ. ಒಂದು ಒತ್ತಡ ಜಾಸ್ತಿಯಾದರೆ ಹೊರಗೆ ಬಿಡುತ್ತದೆ. ನಡುವಿನ ಸಣ್ಣದು ತಣ್ಣಗಾದಾಗ ಬಾಟಲಿಯಿಂದ ವಾಪಸ್ ಎಳೆದುಕೊಳ್ಳುತ್ತದೆ. ನಿಮ್ಮ ಬಾಟಲಿಯ ಮಟ್ಟ ಇಳಿಯುತ್ತಿದೆ ಅಂದರೆ ಎಳೆದುಕೊಳ್ಳುವ ವಾಲ್ವ್ ಕೆಲಸ ಮಾಡುತ್ತಿರಬಹುದು. ಅನುಮಾನ ಇರುವುದು ಒತ್ತಡ ಹಿಡಿಯುವ ವಾಲ್ವ್ ಮೇಲೆ. ಕ್ಯಾಪಿನ ರಬ್ಬರ್ ಬೆರಳಿಗೆ ಮೆತ್ತಗೆ ಇರಬೇಕು. ಸೀಳಿದ್ದರೆ, ಗಟ್ಟಿಯಾಗಿದ್ದರೆ, ಬಿಳಿ ಹಕ್ಕಳೆ ಕಟ್ಟಿದ್ದರೆ ಕ್ಯಾಪ್ ಬದಲಿಸಿ. ಇದು ಅಗ್ಗದ ಸಾಮಾನು. ಆದರೆ ಹಳೆಯದರ ಮೇಲೆ ಇದ್ದ ಅಂಕಿಯದ್ದೇ ತನ್ನಿ. 0.9 ಇದ್ದ ಕಡೆ 1.1 ಹಾಕಿದರೆ ಇನ್ನೂ ಒಳ್ಳೆಯದು ಅಂತ ಅಂಗಡಿಯವರು ಹೇಳಿದರೂ ಬೇಡ. ಹಳೆ ರೇಡಿಯೇಟರ್ ಆ ಹೆಚ್ಚಿನ ಒತ್ತಡಕ್ಕೆ ಎಲ್ಲಾದರೂ ಒಡೆಯಬಹುದು. ಬಾಟಲಿಯ ಹೊರಮೈ ಮೇಲೆ, ಅದರ ಕೆಳಗಿನ ತಗಡಿನ ಮೇಲೆ ಒಣಗಿದ ಗುಲಾಬಿ ಅಥವಾ ಹಸಿರು ಗೆರೆ ಇದ್ದರೆ, ಕೂಲಂಟ್ ಉಕ್ಕಿ ಹೋಗಿದ್ದಕ್ಕೆ ಅದೇ ಸಾಕ್ಷಿ.

ಆಮೇಲೆ ಒಂದು ಟಾರ್ಚ್ ಹಿಡಿದು ಎಂಜಿನ್ ಸುತ್ತ ನೋಡಿ. ಒದ್ದೆ ಹುಡುಕಬೇಡಿ, ಒಣ ಕಲೆ ಹುಡುಕಿ. ಕೂಲಂಟಿನ ನೀರು ಆವಿಯಾದ ಮೇಲೆ ಬಣ್ಣ ಮತ್ತು ಉಪ್ಪು ಉಳಿಯುತ್ತವೆ. ಬಿಳಿ, ಗುಲಾಬಿ ಅಥವಾ ಹಸಿರು ಹುಡಿ. ನೀವು ಬೋರ್ ನೀರು ಹಾಕಿದ್ದೀರಲ್ಲ, ಹಾಗಾಗಿ ಬಿಳಿ ಜಾಸ್ತಿ ಇರುತ್ತದೆ. ಆ ಅನಾಹುತದಲ್ಲಿ ಇದೊಂದೇ ಲಾಭ, ಲೀಕ್ ಇರುವ ಜಾಗ ಎದ್ದು ಕಾಣುತ್ತದೆ.

ಮೊದಲು ರೇಡಿಯೇಟರಿನ ಎರಡು ಬದಿ ನೋಡಿ. ಈಗಿನ ರೇಡಿಯೇಟರ್‌ಗಳಲ್ಲಿ ನಡುವಿನ ಜಾಲರಿ ಅಲ್ಯೂಮಿನಿಯಂ, ಎರಡು ಬದಿಯ ಟ್ಯಾಂಕ್ ಪ್ಲಾಸ್ಟಿಕ್. ಎರಡನ್ನೂ ಒಂದು ರಬ್ಬರ್ ಇಟ್ಟು ತಗಡಿನ ಹಲ್ಲುಗಳನ್ನು ಮಡಚಿ ಜೋಡಿಸಿರುತ್ತಾರೆ. ಒಂಬತ್ತು ವರ್ಷ ನಮ್ಮ ಬಿಸಿಲು ಉಂಡ ಆ ರಬ್ಬರ್ ಸೊರಗಿರುತ್ತದೆ. ತಣ್ಣಗಿದ್ದಾಗ ಮುಚ್ಚಿಕೊಂಡಿರುತ್ತದೆ, ಒತ್ತಡ ಬಂದಾಗ ಜಿನುಗುತ್ತದೆ. ನೀವು ಹೇಳಿದ ಲಕ್ಷಣಕ್ಕೆ ಇದು ಚೆನ್ನಾಗಿ ಕೂಡಿಬರುತ್ತದೆ. ಆ ಮಡಿಕೆಯ ಉದ್ದಕ್ಕೂ, ಅದರಲ್ಲೂ ಕೆಳಮೂಲೆಗಳಲ್ಲಿ, ಕಲೆ ಇದೆಯಾ ನೋಡಿ.

ಎರಡನೆಯದು ವಾಟರ್ ಪಂಪ್. ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಒಳಗಿನ ಸೀಲ್ ಸವೆದರೆ ಕೂಲಂಟ್ ಬೇರಿಂಗಿಗೆ ಹೋಗದೆ ಆ ತೂತಿನಿಂದ ಹೊರಗೆ ಬರಲಿ ಎಂದು. ಅಲ್ಲಿಂದ ಕೆಳಗೆ ಗೆರೆ ಇಳಿದಿದ್ದರೆ ಪಂಪ್ ಬದಲಿಸಬೇಕು, ಬೇರೆ ದಾರಿ ಇಲ್ಲ. ಆ ತೂತನ್ನೇ ಎಂ-ಸೀಲ್ ಹಾಕಿ ಮುಚ್ಚಿದ ಪಂಪ್‌ಗಳನ್ನು ನೋಡಿದ್ದೇನೆ. ಮುಚ್ಚಿದ ಮೇಲೆ ಕೂಲಂಟ್ ನೇರ ಬೇರಿಂಗಿಗೆ ಹೋಗುತ್ತದೆ, ಪಂಪ್ ನಡುದಾರಿಯಲ್ಲಿ ಜಾಮ್ ಆಗುತ್ತದೆ. ನಿಮ್ಮ ಕಾರಿನಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್ ಆಗಿದ್ದರೆ, ಬೆಲ್ಟ್ ಬಿಚ್ಚಿದಾಗ ಎರಡನ್ನೂ ಒಟ್ಟಿಗೆ ಬದಲಿಸಿ. ಕೂಲಿ ಒಂದೇ ಸಲ ಬೀಳುತ್ತದೆ.

ಮೂರನೆಯದು ಹೋಸ್ ಪೈಪ್ ಮತ್ತು ಕ್ಲಿಪ್‌ಗಳು. ಮೇಲಿನದು, ಕೆಳಗಿನದು ಎಲ್ಲರಿಗೂ ಕಾಣುತ್ತವೆ. ಎಂಜಿನ್ ಹಿಂದೆ ಹೀಟರಿಗೆ ಹೋಗುವ ಎರಡು ಸಣ್ಣ ಪೈಪು, ಥರ್ಮೋಸ್ಟಾಟ್ ಇರುವ ಪ್ಲಾಸ್ಟಿಕ್ ಡಬ್ಬಿ, ಟೆಂಪರೇಚರ್ ಸೆನ್ಸರ್‌ನ ಬುಡ, ಇವನ್ನು ಯಾರೂ ಬಗ್ಗಿ ನೋಡುವುದಿಲ್ಲ. ಪೈಪನ್ನು ಹಿಂಡಿ ನೋಡಿ. ತುದಿಯಲ್ಲಿ ಉಬ್ಬಿದ್ದರೆ, ಹಿಂಡಿದಾಗ ಚರಚರ ಸದ್ದು ಬಂದರೆ, ಸಣ್ಣ ಬಿರುಕು ಕಂಡರೆ ಬದಲಿಸಿ. ನಮ್ಮ ಕಡೆ ಇನ್ನೊಂದು ಶತ್ರು ಇದೆ, ಇಲಿ. ತೊಗರಿ ಚೀಲ ಇಟ್ಟ ಮನೆಗಳಲ್ಲಿ ಅವುಗಳ ಕಾಟ ಹೇಳಬೇಕಾಗಿಲ್ಲ. ಬೆಚ್ಚಗಿನ ಎಂಜಿನ್ ಮೇಲೆ ರಾತ್ರಿ ಮಲಗಿ ಪೈಪು, ವೈರು ಕಡಿಯುತ್ತವೆ. ಹಲ್ಲಿನ ಗುರುತು ಕಂಡರೆ ಪೈಪಿನ ಜೊತೆ ವೈರಿಂಗ್ ಕೂಡ ನೋಡಿಸಿ.

ಕಾರಿನ ಒಳಗೂ ಒಮ್ಮೆ ಕೈ ಆಡಿಸಿ. ಮುಂದಿನ ಎಡ ಸೀಟಿನ ಕಾಲಿಡುವ ಜಾಗದ ಮ್ಯಾಟ್ ಎತ್ತಿ ನೋಡಿ. ಒದ್ದೆ ಇದ್ದು, ಬೆರಳಿಗೆ ಜಿಗುಟಾಗಿ, ಸಿಹಿ ವಾಸನೆ ಬಂದರೆ ಹೀಟರ್ ಕೋರ್ (ಕಾರಿನೊಳಗೆ ಬಿಸಿ ಗಾಳಿ ಕೊಡುವ ಸಣ್ಣ ರೇಡಿಯೇಟರ್) ಸೋರುತ್ತಿದೆ. ಕಲಬುರಗಿಯಲ್ಲಿ ಹೀಟರ್ ಯಾರು ಹಾಕ್ತಾರೆ ಅನ್ನಬಹುದು. ನೀವು ಹಾಕದಿದ್ದರೂ ಬಹುತೇಕ ಕಾರುಗಳಲ್ಲಿ ಕೂಲಂಟ್ ಅದರೊಳಗೆ ಹರಿಯುತ್ತಲೇ ಇರುತ್ತದೆ. ಒದ್ದೆ ಇದ್ದು ಬರೀ ನೀರಿನಂತಿದ್ದರೆ ಅದು ಎ.ಸಿ. ನೀರು, ಹೊರಗೆ ಹೋಗುವ ಸಣ್ಣ ಪೈಪ್ ಕಟ್ಟಿದೆ ಅಷ್ಟೇ. ಎ.ಸಿ. ಹಾಕಿ ನಿಲ್ಲಿಸಿದಾಗ ಕಾರಿನ ಕೆಳಗೆ ಬೀಳುವ ಬಣ್ಣವಿಲ್ಲದ ನೀರೂ ಅದೇ. ಅದನ್ನು ಲೀಕ್ ಎಂದುಕೊಳ್ಳಬೇಡಿ.

ಇಷ್ಟು ನೋಡಿಯೂ ಏನೂ ಸಿಗದಿದ್ದರೆ, ಅಥವಾ ಸಿಕ್ಕಿದ್ದು ಖಚಿತ ಮಾಡಿಕೊಳ್ಳಬೇಕಿದ್ದರೆ, ಗ್ಯಾರೇಜಿಗೆ ಹೋಗಿ ಪ್ರೆಶರ್ ಟೆಸ್ಟ್ ಕೇಳಿ. ಅಲ್ಲಿ ಆ ಉಪಕರಣ ಇಲ್ಲದಿದ್ದರೆ ಇರುವ ಗ್ಯಾರೇಜಿಗೇ ಹೋಗಿ. ಇದರಲ್ಲಿ ರಾಜಿ ಬೇಡ. ಕ್ಯಾಪ್ ತೆಗೆದು ಆ ಜಾಗಕ್ಕೆ ಗೇಜ್ ಇರುವ ಕೈಪಂಪ್ ಕೂರಿಸುತ್ತಾರೆ. ಎಂಜಿನ್ ತಣ್ಣಗಿರಬೇಕು. ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ತುಂಬಬೇಕು. 0.9 ಬಾರ್ ಅಂದರೆ ಸುಮಾರು 13 ಪಿ.ಎಸ್.ಐ., 1.1 ಅಂದರೆ 16. ತುಂಬಿ 15-20 ನಿಮಿಷ ಬಿಡಬೇಕು. ಮುಳ್ಳು ಇದ್ದಲ್ಲೇ ನಿಂತರೆ ಹೊರಗಿನ ಲೀಕ್ ಇಲ್ಲ, ಕ್ಯಾಪ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಅದೇ ಪಂಪಿಗೆ ಕ್ಯಾಪನ್ನು ಜೋಡಿಸಿ ಅದನ್ನೂ ಪರೀಕ್ಷೆ ಮಾಡಬಹುದು. ಮುಳ್ಳು ಇಳಿದರೆ ಎಲ್ಲೋ ಹೋಗುತ್ತಿದೆ ಅಂತಲೇ ಅರ್ಥ. ಆಗ ಟಾರ್ಚ್ ಹಿಡಿದು ಹುಡುಕಿದರೆ ಸಿಗುತ್ತದೆ, ಯಾಕೆಂದರೆ ತಣ್ಣನೆಯ ಎಂಜಿನ್ ಮೇಲೆ ಹನಿ ಒಣಗುವುದಿಲ್ಲ. ನೀವು ಪಕ್ಕದಲ್ಲೇ ನಿಂತಿರಿ, ಹನಿ ಎಲ್ಲಿದೆ ತೋರಿಸಿ ಅನ್ನಿ. ಒಳ್ಳೆಯ ಮಿಸ್ತ್ರಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮುಳ್ಳು ಇಳಿಯುತ್ತಿದೆ, ಹೊರಗೆ ಎಲ್ಲೂ ಹನಿ ಇಲ್ಲ, ಮ್ಯಾಟೂ ಒಣಗಿದೆ. ಹೀಗಾದಾಗ ಮಾತ್ರ ಗ್ಯಾಸ್ಕೆಟ್ ಮಾತು ಬರಬೇಕು. ಅದಕ್ಕೂ ನೇರ ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಗೆ ನೀಲಿ ದ್ರವ ಇರುವ ಒಂದು ನಳಿಕೆ ಇಟ್ಟು, ಎಂಜಿನ್ ಓಡಿಸಿ, ಮೇಲೆ ಬರುವ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ಅದರಲ್ಲಿರುವ ಕಾರ್ಬನ್ ಡೈಆಕ್ಸೈಡ್‌ನಿಂದ ನೀಲಿ ದ್ರವ ಹಳದಿಯಾಗುತ್ತದೆ. ಇದರ ಜೊತೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ಕೂಲಂಟ್ ಹೋಗುತ್ತಿರುವ ಸಿಲಿಂಡರಿನ ಪ್ಲಗ್ ಆವಿಯಲ್ಲಿ ತೊಳೆದಂತೆ ಬೇರೆಯವಕ್ಕಿಂತ ಸ್ವಚ್ಛವಾಗಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ಎಂಜಿನ್ ಇನ್ನೂ ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಅದೂ ಅನುಮಾನಕ್ಕೆ ಕಾರಣ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಇನ್ನೊಂದು ಸಾಕ್ಷಿ. ಮಳೆಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಬರುವ ಆವಿಗೆ ಲೆಕ್ಕವಿಲ್ಲ.

ಈ ಪರೀಕ್ಷೆಗಳಲ್ಲಿ ಗ್ಯಾಸ್ಕೆಟ್ ನಿಜವಾಗಿಯೂ ಹೋಗಿದೆ ಎಂದು ಬಂದರೆ ಹೆಡ್ ಬಿಚ್ಚಲೇಬೇಕು. ಆಗ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ಅಲ್ಯೂಮಿನಿಯಂ ಹೆಡ್ ಒಮ್ಮೆ ಅತಿಯಾಗಿ ಬಿಸಿಯಾದರೆ ಸೊಟ್ಟ ಆಗಬಹುದು. ನೇರ ಪಟ್ಟಿ ಇಟ್ಟು, ಫೀಲರ್ ಗೇಜಿನಲ್ಲಿ (ಸಂದಿ ಅಳೆಯುವ ತೆಳು ಪಟ್ಟಿ) ಅಳೆದು, ಬೇಕಿದ್ದರೆ ಮಷಿನ್ ಅಂಗಡಿಯಲ್ಲಿ ಮಟ್ಟ ಮಾಡಿಸಬೇಕು. ಕೆಲವು ಎಂಜಿನ್‌ಗಳ ಹೆಡ್ ಬೋಲ್ಟ್‌ಗಳನ್ನು ಎರಡನೇ ಸಲ ಬಳಸುವಂತಿಲ್ಲ, ಹೊಸತೇ ಹಾಕಬೇಕು. ಬಿಗಿಯುವುದೂ ಕೈಯಂದಾಜಿನ ಪಾನಾದಲ್ಲಲ್ಲ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ, ಕಂಪನಿ ಹೇಳಿದ ಕ್ರಮದಲ್ಲಿ. ನಿಮಗೆ ಹೇಳಿದ 28 ಸಾವಿರದಲ್ಲಿ ಇವೆಲ್ಲ ಸೇರಿದೆಯಾ ಕೇಳಿ ನೋಡಿ.

ನಿಮ್ಮ ಪತ್ರ ಓದಿ ನನ್ನ ಅಂದಾಜು ಕೇಳಿದರೆ, ಮೊದಲು ಕ್ಯಾಪ್, ಆಮೇಲೆ ರೇಡಿಯೇಟರಿನ ಆ ಮಡಿಕೆ, ಆಮೇಲೆ ಪಂಪ್. ಗ್ಯಾಸ್ಕೆಟ್ ನನ್ನ ಪಟ್ಟಿಯಲ್ಲಿ ಕೊನೆಗೆ. ಆದರೆ ಮೇ ತಿಂಗಳಲ್ಲಿ ಒಮ್ಮೆ ಹೀಟ್ ಆದ ಕಾರು, ಹಾಗಾಗಿ ಪಟ್ಟಿಯಿಂದ ತೆಗೆಯುವುದಿಲ್ಲ.

ರೇಡಿಯೇಟರಿನ ಮಡಿಕೆ ಸೋರುತ್ತಿದ್ದರೆ ರೇಡಿಯೇಟರ್ ಬದಲಿಸಿ. ಹಳೆ ಕಾಲದ ತಾಮ್ರ-ಹಿತ್ತಾಳೆಯ ರೇಡಿಯೇಟರ್‌ಗೆ ಬೆಸುಗೆ ಹಾಕಿ ವರ್ಷಗಟ್ಟಲೆ ಓಡಿಸುತ್ತಿದ್ದರು. ಪ್ಲಾಸ್ಟಿಕ್ ಟ್ಯಾಂಕಿಗೆ ಅದು ನಡೆಯುವುದಿಲ್ಲ. ಎಂ-ಸೀಲ್ ಹಚ್ಚಿದರೆ ಊರು ಮುಟ್ಟಲು ಸಾಕಾಗಬಹುದು, ಮುಂದಿನ ಬೇಸಿಗೆಗೆ ಸಾಲದು. ಹೊಸದು ಹಾಕುವಾಗ ಮೇಲಿನ, ಕೆಳಗಿನ ಹೋಸ್ ಕೂಡ ಮೂಲದವೇ ಆಗಿದ್ದರೆ ಬದಲಿಸಿ. ಕ್ಲಿಪ್ ಸ್ಪ್ರಿಂಗ್ ಜಾತಿಯದಾದರೆ ಸ್ಪ್ರಿಂಗಿನದೇ ಹಾಕಿಸಿ. ಬಿಸಿ-ತಂಪಿಗೆ ಪೈಪ್ ಹಿಗ್ಗಿ ಕುಗ್ಗಿದರೂ ಅದರ ಹಿಡಿತ ಒಂದೇ ತರಹ ಇರುತ್ತದೆ. ಸ್ಕ್ರೂ ಕ್ಲಿಪ್ ಸಡಿಲವಾಗುತ್ತದೆ, ಇಲ್ಲವೇ ಜಾಸ್ತಿ ಬಿಗಿದು ಪೈಪನ್ನೇ ಕತ್ತರಿಸುತ್ತಾರೆ.

ಹಳೆ ರೇಡಿಯೇಟರೇ ಉಳಿದರೆ ಅದನ್ನು ಒಮ್ಮೆ ತೊಳೆಸಿ. ಕಪ್ಪು ಮಣ್ಣಿನ ಧೂಳು, ತೊಗರಿ ಹೊಟ್ಟು, ಸತ್ತ ಹುಳು ಎಲ್ಲ ಸೇರಿ ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕಂಬಳಿ ಹೊದ್ದಂತೆ ಕೂತಿರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಬಿಟ್ಟರೆ ಜಾಲರಿಯ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಪುಡಿ ಯಾಕೆ ಬೇಡ ಅಂದೆ ಗೊತ್ತಾ? ಅದಕ್ಕೆ ಲೀಕ್ ಆಗುವ ತೂತು ಯಾವುದು, ಕೂಲಂಟ್ ಹರಿಯಬೇಕಾದ ಸಣ್ಣ ದಾರಿ ಯಾವುದು ಎಂದು ತಿಳಿಯುವುದಿಲ್ಲ. ಹೀಟರ್ ಕೋರಿನ, ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಕೂರುತ್ತದೆ. ನಿಮ್ಮ ಕಾರಿನಲ್ಲಿ ಆಗಲೇ ಬೋರ್ ನೀರಿನ ಸುಣ್ಣ ಇದೆ, ಎರಡು ಬಣ್ಣದ ಕೂಲಂಟ್ ಇದೆ. ಅದರ ಮೇಲೆ ಪುಡಿ ಬೇರೆ ಯಾಕೆ?

ಇನ್ನೊಂದು ಕೆಟ್ಟ ಅಭ್ಯಾಸ ನಮ್ಮ ಕಡೆ ಇದೆ. ನಮ್ಮದು ಬಿಸಿಲು ನಾಡು, ಥರ್ಮೋಸ್ಟಾಟ್ ಬೇಕಾಗಿಲ್ಲ ಎಂದು ಕಿತ್ತು ಬಿಸಾಡುವುದು. ಯಾರಾದರೂ ಹಾಗೆ ಹೇಳಿದರೆ ಒಪ್ಪಬೇಡಿ. ಹೊರಗೆ ಎಷ್ಟೇ ಬಿಸಿಲಿದ್ದರೂ 43 ಡಿಗ್ರಿ, ಎಂಜಿನ್‌ಗೆ ಬೇಕಾದದ್ದು 90ರ ಸುತ್ತಮುತ್ತ. ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದೇ ಥರ್ಮೋಸ್ಟಾಟ್. ಅದಿಲ್ಲದಿದ್ದರೆ ಬಿಸಿ ಕೂಲಂಟಿನ ಒಂದು ಭಾಗ ರೇಡಿಯೇಟರಿಗೆ ಹೋಗದೆ ಅಲ್ಲೇ ಸುತ್ತುತ್ತದೆ. ತಂಪು ಮಾಡಲು ಹೋಗಿ ಹೀಟ್ ಜಾಸ್ತಿ ಮಾಡಿಕೊಂಡಂತೆ.

ಈಗ ನೀರಿನ ವಿಚಾರ. ನನಗೆ ಲೀಕಿಗಿಂತ ಇದೇ ಹೆಚ್ಚು ಚಿಂತೆ. ಸೇಡಂ, ಚಿತ್ತಾಪುರ, ಶಹಾಬಾದ್, ಎಲ್ಲ ಸುಣ್ಣದ ಕಲ್ಲಿನ ನೆಲ. ಸಿಮೆಂಟ್ ಫ್ಯಾಕ್ಟರಿಗಳು ಸುಮ್ನೆ ಇಲ್ಲಿ ಬಂದಿಲ್ಲ. ಆ ಕಲ್ಲಿನ ಸಂದಿಯಿಂದ ಬರುವ ಬೋರ್ ನೀರಿನಲ್ಲಿ ಸುಣ್ಣ ಕರಗಿರುತ್ತದೆ. ಬಿಸಿಯಾದಷ್ಟೂ ಅದು ಹೊರಗೆ ಬಂದು ಕೂರುತ್ತದೆ, ಅದೂ ಎಂಜಿನ್‌ನಲ್ಲಿ ಎಲ್ಲಿ ಅತಿ ಬಿಸಿಯೋ ಅಲ್ಲೇ. ನೀರು ಕಾಯಿಸುವ ಹೀಟರ್ ಕಾಯಿಲ್ ಮೇಲೆ ಬಿಳಿ ಹೊಪ್ಪಳೆ ಕಟ್ಟುವುದು ನೀವು ನೋಡಿಲ್ಲವೇ? ದಾರಿಯಲ್ಲಿ ಬೇರೆ ಗತಿ ಇಲ್ಲದಾಗ ಬೋರ್ ನೀರು ಹಾಕಿದ್ದು ತಪ್ಪಲ್ಲ, ಎಂಜಿನ್ ಉಳಿಯಿತು. ಆದರೆ ಅದನ್ನು ಒಳಗೇ ಬಿಟ್ಟಿದ್ದೀರಿ. ಗುಲಾಬಿಗೆ ಹಸಿರು ಬೆರೆಸಿದ್ದೂ ಬೇಡವಾಗಿತ್ತು. ಬಣ್ಣ ನೋಡಿ ಜಾತಿ ಹೇಳಲಾಗುವುದಿಲ್ಲ, ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಬಣ್ಣ ಹಾಕುತ್ತವೆ. ಒಳಗಿನ ತುಕ್ಕು ತಡೆಯುವ ರಾಸಾಯನಿಕಗಳು ಒಂದಕ್ಕೊಂದು ಹೊಂದದಿದ್ದರೆ ರಕ್ಷಣೆ ಕಡಿಮೆಯಾಗುತ್ತದೆ, ಕೆಲವು ಸಲ ಲೋಳೆಯೂ ಕಟ್ಟುತ್ತದೆ. ಮ್ಯಾನುಯಲ್‌ನಲ್ಲಿ ಹೇಳಿದ ಜಾತಿಯದನ್ನೇ ಕೊಳ್ಳಿ.

ಹಾಗಾಗಿ ಲೀಕ್ ಸರಿಯಾದ ಮೇಲೆ ಪೂರ್ತಿ ಫ್ಲಷ್ ಮಾಡಿಸಿ. ಹಳೆಯದನ್ನು ಇಳಿಸಿ, ನೀರು ತುಂಬಿ, ಥರ್ಮೋಸ್ಟಾಟ್ ತೆರೆಯುವವರೆಗೆ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಇಳಿಸಬೇಕು. ತಿಳಿ ನೀರು ಬರುವವರೆಗೂ ಹೀಗೆ. ಕೊನೆಯ ಸುತ್ತು ಡಿಸ್ಟಿಲ್ಡ್ ನೀರಿನಲ್ಲೇ ಆಗಬೇಕು. ಬ್ಯಾಟರಿಗೆ ಹಾಕುವ ನೀರು ಎಂದು ಸಿಗುತ್ತದಲ್ಲ, ಅದೇ. ಆಸಿಡ್ ಅಲ್ಲ, ಲೇಬಲ್ ಓದಿ. ಎಷ್ಟೇ ಇಳಿಸಿದರೂ ಎಂಜಿನ್ ಬ್ಲಾಕಿನಲ್ಲಿ ಒಂದಷ್ಟು ನೀರು ಉಳಿದೇ ಉಳಿಯುತ್ತದೆ. ಆದ್ದರಿಂದ ಫ್ಲಷ್ ಆದ ಮೇಲೆ ರೆಡಿ ಮಿಕ್ಸ್ (ಮೊದಲೇ ನೀರು ಬೆರೆಸಿದ ಕೂಲಂಟ್) ತುಂಬಿದರೆ ಅದು ತೆಳುವಾಗುತ್ತದೆ. ನೀರು ಬೆರೆಸದ ಕಾನ್ಸಂಟ್ರೇಟ್ ತನ್ನಿ. ಮ್ಯಾನುಯಲ್‌ನಲ್ಲಿ ಒಟ್ಟು ಎಷ್ಟು ಲೀಟರ್ ಎಂದಿದೆಯೋ ಅದರ ಅರ್ಧದಷ್ಟು ಕಾನ್ಸಂಟ್ರೇಟ್ ಮೊದಲು ಹಾಕಿ, ಉಳಿದದ್ದು ಡಿಸ್ಟಿಲ್ಡ್ ನೀರು. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಒಟ್ಟು 4 ಲೀಟರ್ ಆಸುಪಾಸು ಇರುತ್ತದೆ. ನೀರೇ ಬೆರೆಸದೆ ಬರೀ ಕಾನ್ಸಂಟ್ರೇಟ್ ತುಂಬುವುದೂ ತಪ್ಪು. ಶಾಖ ಸಾಗಿಸುವುದರಲ್ಲಿ ಗ್ಲೈಕಾಲ್‌ಗಿಂತ ನೀರೇ ಮೇಲು.

ತುಂಬುವಾಗ ಗಾಳಿ ಒಳಗೆ ಸಿಕ್ಕಿಹಾಕಿಕೊಳ್ಳಬಾರದು. ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ನಿಧಾನವಾಗಿ ಸುರಿದು, ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ತೆರೆದು, ಕಾರಿನ ಮೂತಿ ಸ್ವಲ್ಪ ಎತ್ತರಕ್ಕೆ ಇರುವಂತೆ ನಿಲ್ಲಿಸಿ ಓಡಿಸಬೇಕು. ಗುಳ್ಳೆ ಬರುವುದು ನಿಲ್ಲಬೇಕು. ಆಮೇಲೆ ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವವರೆಗೂ ಬಿಡಿ. ಮೇಲಿನ, ಕೆಳಗಿನ ಹೋಸ್ ಎರಡೂ ಬಿಸಿಯಾಗಿ, ಹೀಟರಿನಿಂದ ಬಿಸಿ ಗಾಳಿ ಬಂದರೆ ಸರಿ. ಮರುದಿನ ಬೆಳಿಗ್ಗೆ ಮಟ್ಟ ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ, ಉಳಿದ ಗಾಳಿ ಹೋಗಿರುತ್ತದೆ. ತುಂಬಿಸಿ, ಹೊಸ ಟೇಪ್ ಅಂಟಿಸಿ, ಕಲಬುರಗಿಗೆ ಒಮ್ಮೆ ಹೋಗಿ ಬನ್ನಿ.

ಅಲ್ಲಿಯವರೆಗೆ ದೂರದ ದಾರಿಗೆ ಈ ಕಾರು ತೆಗೆಯದಿದ್ದರೆ ಒಳ್ಳೆಯದು. ತೆಗೆಯಲೇಬೇಕಾದರೆ ಡಿಕ್ಕಿಯಲ್ಲಿ ಡಿಸ್ಟಿಲ್ಡ್ ನೀರು ಇರಲಿ. ಮುಳ್ಳು ಏರಲು ಶುರುವಾದರೆ ಎ.ಸಿ. ಬಂದ್, ಹೀಟರ್ ಪೂರ್ತಿ ಬಿಸಿಗೆ ಮತ್ತು ಫ್ಯಾನ್ ಜೋರಿಗೆ. ಬೆವರು ಸುರಿಯುತ್ತದೆ, ಆದರೆ ಎಂಜಿನ್ ಬಿಸಿಯ ಒಂದು ಪಾಲು ಒಳಗೆ ಬರುತ್ತದೆ. ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಬಾನೆಟ್‌ನಿಂದ ಆವಿ ಬರುತ್ತಿದ್ದರೆ ತಕ್ಷಣ ಎಂಜಿನ್ ಆಫ್. ಕೆಂಪಾಗಿ ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ, ಹೆಡ್ ಸೀಳಬಹುದು. ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಏರಿದ ಮುಳ್ಳು ತಾನಾಗಿ ದಿಢೀರನೆ ಕೆಳಗೆ ಬಿದ್ದರೆ ಸರಿಹೋಯಿತು ಅಂದುಕೊಳ್ಳಬೇಡಿ. ಸೆನ್ಸರ್ ಅಳೆಯುವುದು ಕೂಲಂಟಿನ ಬಿಸಿಯನ್ನು. ಕೂಲಂಟೇ ಖಾಲಿಯಾದರೆ ಅದು ಗಾಳಿಯಲ್ಲಿ ನಿಂತು ಕಡಿಮೆ ತೋರಿಸುತ್ತದೆ. ಅದೇ ಅತಿ ಅಪಾಯದ ಹೊತ್ತು.

ಫ್ಲಷ್ ಮಾಡಿ ಇಳಿಸಿದ ಕೂಲಂಟನ್ನು ಅಂಗಳದಲ್ಲಿ, ಚರಂಡಿಯಲ್ಲಿ ಚೆಲ್ಲಲು ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ವಿಷ. ನಾಯಿ, ದನ ನೆಕ್ಕಿದರೆ ಮೂತ್ರಪಿಂಡ ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ತಂಪು ಪಾನೀಯದ ಖಾಲಿ ಬಾಟಲಿಗೆ ತುಂಬಿಡುವುದಂತೂ ಖಂಡಿತ ಬೇಡ. ಮುಚ್ಚಳ ಇರುವ ಕ್ಯಾನಿಗೆ ಹಾಕಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿನವರಿಗೆ ಬೇರೆಯಾಗಿ ಕೊಡಿ. ಆಯಿಲ್ ಜೊತೆ ಬೆರೆಸಿದರೆ ಎರಡೂ ಕೆಲಸಕ್ಕೆ ಬಾರವು.